ಹೊಸ ರೂಪಾಂತರಿ ತಲಪಾಡಿಯಲ್ಲಿ ಸಿಕ್ಕಿಬೀಳುವುದಿಲ್ಲ

ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ, ಗಡಿಭಾಗದ ಪಂಚಾಯತುಗಳ ಸದಸ್ಯರಿಗೆ ನಮಸ್ಕಾರಗಳು.

ಕೊರೊನಾದ ಹೊಸ ರೂಪಾಂತರಿಯ ಹೆಸರು ಪತ್ರಿಕೆಯಲ್ಲಿ ಬಂದರೆ ಸಾಕು, ಮಂಜೇಶ್ವರ, ಉಪ್ಪಳ, ಪೆರ್ಲ, ಬದಿಯಡ್ಕದ ಕಡೆ ಮೊದಲು ಕೇಳಿಬರುವ ಮಾತು ರೋಗದ್ದಲ್ಲ, ‘ತಲಪಾಡಿಯಲ್ಲಿ ಬಿಡ್ತಾರೋ ಇಲ್ಲವೋ’ ಎಂಬುದು. ತಲಪಾಡಿ ಎಂದರೆ ಕರ್ನಾಟಕ–ಕೇರಳ ಗಡಿಯ ಚೆಕ್‌ಪೋಸ್ಟ್ ಇರುವ ಊರು. ಅದಕ್ಕೆ ಕಾರಣವೂ ಇದೆ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಮಂಗಳೂರಿಗೆ ಮದ್ದಿಗೆ ಹೋಗಬೇಕಾದವರು ಅರ್ಧ ದಾರಿಯಲ್ಲಿ ಉಳಿದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಮಧ್ಯೆ ಬರಬೇಕಾಯಿತು. 2021ರಲ್ಲಿ ಮಣ್ಣಿನ ಜಾಗಕ್ಕೆ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ಬಂತು. ಯಾರು ಸರಿ, ಯಾರು ತಪ್ಪು ಎಂಬ ಹಳೆಯ ಜಗಳವನ್ನು ನಾವು ಮತ್ತೆ ಎತ್ತುತ್ತಿಲ್ಲ. ಈ ಎರಡು ಜಿಲ್ಲೆಗಳಲ್ಲಿ ಜೀವವಿಜ್ಞಾನ ಕಲಿಸುವವರೂ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರೂ ಆದ ನಮಗೆ ಹೇಳಲಿರುವುದು ಇಷ್ಟು: ರೂಪಾಂತರಿ ಹೇಗೆ ಹುಟ್ಟುತ್ತದೆ, ಹುಟ್ಟಿದ್ದು ಹೇಗೆ ಮೇಲುಗೈ ಪಡೆಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಗಡಿಯಲ್ಲಿ ಸುರಿಯುವ ಶ್ರಮದ ಹೆಚ್ಚಿನ ಪಾಲು ಬೇರೆ ಕಡೆ ಹೋಗಬೇಕು. ಎಲ್ಲಿಗೆ, ಎಷ್ಟು, ಹೇಗೆ ಎಂದು ಮುಂದೆ ಬರೆದಿದ್ದೇವೆ.

ವೈರಸ್ ‘ಬುದ್ಧಿ ಕಲಿಯಿತು’, ‘ಹೊಸ ವೇಷ ಹಾಕಿತು’ ಎಂದು ಟಿವಿಯವರು ಹೇಳುವುದುಂಟು. ಅದಕ್ಕೆ ಬುದ್ಧಿಯೂ ಇಲ್ಲ, ಗುರಿಯೂ ಇಲ್ಲ. ಇರುವುದು ಸುಮಾರು 29,900 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ಎ, ಯು, ಜಿ, ಸಿ ಎಂಬ ನಾಲ್ಕೇ ಅಕ್ಷರ. ನಮ್ಮ ಜೀವಕೋಶವನ್ನು ಹೊಕ್ಕ ಮೇಲೆ ಈ ಎಳೆಯನ್ನು ನಕಲು ಮಾಡುವುದು ಪಾಲಿಮರೇಸ್ ಎಂಬ ಕಿಣ್ವ. ಫ್ಲೂ, ಎಚ್‌ಐವಿ ವೈರಸ್‌ಗಳಲ್ಲಿ ನಕಲನ್ನು ತಿದ್ದುವವರಿಲ್ಲ. ಕೊರೊನಾ ಜಾತಿಯ ವೈರಸ್‌ಗಳಲ್ಲಿ ಎನ್‌ಎಸ್‌ಪಿ14 ಎಂಬ ಇನ್ನೊಂದು ಪ್ರೋಟೀನು ಜೊತೆಗಿದ್ದು, ತಪ್ಪಾಗಿ ಕೂತ ಅಕ್ಷರವನ್ನು ಕಿತ್ತು ತೆಗೆಯುತ್ತದೆ. ಅಷ್ಟಾದರೂ ಹತ್ತು ಲಕ್ಷ ಅಕ್ಷರಕ್ಕೆ ಒಂದರ ಆಸುಪಾಸಿನಲ್ಲಿ ತಪ್ಪು ಉಳಿದುಬಿಡುತ್ತದೆ. ಎಂದರೆ ನೂರು ಪೂರ್ತಿ ನಕಲು ತೆಗೆದರೆ ಮೂರರಲ್ಲಾದರೂ ಒಂದೊಂದು ತಪ್ಪು.

ಕೇಳಲು ಸಣ್ಣದು. ಆದರೆ ಸೋಂಕು ಏರಿದ ಹೊತ್ತಿಗೆ ಒಬ್ಬರ ಮೈಯಲ್ಲಿ ನೂರು ಕೋಟಿಯಿಂದ ಹತ್ತು ಸಾವಿರ ಕೋಟಿಯವರೆಗೆ ವೈರಸ್ ಕಣಗಳಿರುತ್ತವೆ. ಕೆಳಗಿನ ಅಂಕಿಯನ್ನೇ ಹಿಡಿಯೋಣ. ನೂರು ಕೋಟಿ ಕಣ, ನೂರಕ್ಕೆ ಮೂರು ತಪ್ಪು, ಒಟ್ಟು ಮೂರು ಕೋಟಿ ತಪ್ಪು. ಇನ್ನೊಂದು ಕಡೆ 29,900 ಜಾಗ, ಪ್ರತಿ ಜಾಗದಲ್ಲಿ ಬಂದು ಕೂರಬಹುದಾದ ಬೇರೆ ಅಕ್ಷರ ಮೂರು. ಹೀಗೆ ಆಗಬಹುದಾದ ಒಂದಕ್ಷರದ ಬದಲಾವಣೆಗಳು ಎಲ್ಲ ಸೇರಿ ಸುಮಾರು ತೊಂಬತ್ತು ಸಾವಿರ. ಭಾಗಿಸಿ ನೋಡಿ: ಆಗಬಹುದಾದ ಒಂದೊಂದು ಬದಲಾವಣೆಯೂ ಒಬ್ಬನೇ ರೋಗಿಯ ಮೈಯಲ್ಲಿ ಸರಾಸರಿ ಮುನ್ನೂರು ಸಲ ಆಗಿಹೋಗಿರುತ್ತದೆ. (ಎಲ್ಲ ತಪ್ಪುಗಳೂ ಸಮಸಮನಾಗಿ ಆಗುವುದಿಲ್ಲ. ಸಿ ಇದ್ದಲ್ಲಿ ಯು ಬರುವುದೇ ಹೆಚ್ಚು. ಅಂದಾಜಿನ ಲೆಕ್ಕಕ್ಕೆ ಅದು ಅಡ್ಡಿಯಲ್ಲ.) ಹಾಗಾಗಿ ‘ಹೊಸ ಮ್ಯುಟೇಶನ್ ಪತ್ತೆ’ ಎಂಬ ತಲೆಬರಹ ಓದಿ ಗಾಬರಿಯಾಗಬೇಕಾದ್ದಿಲ್ಲ. ಮ್ಯುಟೇಶನ್ ದಿನದ ಮಾತು. ಅದು ಉಳಿಯಿತೇ, ಬೆಳೆಯಿತೇ ಎಂಬುದು ಪ್ರಶ್ನೆ.

ಭತ್ತ ಕೇರುವ ಗೆರಸೆ ಕಾಳನ್ನು ಹುಟ್ಟಿಸುವುದಿಲ್ಲ. ಇದ್ದುದರಲ್ಲಿ ಜೊಳ್ಳನ್ನು ಹಾರಿಸಿ ಗಟ್ಟಿಯನ್ನು ಉಳಿಸುತ್ತದೆ. ನೈಸರ್ಗಿಕ ಆಯ್ಕೆಯ ಕೆಲಸವೂ ಅಷ್ಟೇ. ತಪ್ಪುಗಳಲ್ಲಿ ಹೆಚ್ಚಿನವು ವೈರಸ್ಸನ್ನೇ ಕೆಡಿಸುತ್ತವೆ, ಅವು ಅಲ್ಲಿಗೇ ಮುಗಿದವು. ಹಲವು ಇದ್ದರೂ ಇಲ್ಲದಿದ್ದರೂ ಒಂದೇ. ಬೆರಳೆಣಿಕೆಯವು ಮಾತ್ರ ವೈರಸ್ಸಿಗೆ ಒಂದಿಷ್ಟು ಅನುಕೂಲ ಮಾಡಿಕೊಡುತ್ತವೆ.

ಅಂಥ ಒಂದನ್ನು ಹತ್ತಿರದಿಂದ ನೋಡಿ. 2020ರ ಆರಂಭದಲ್ಲಿ ಎಳೆಯ 23,403ನೇ ಅಕ್ಷರ ಎ ಇದ್ದದ್ದು ಜಿ ಆಯಿತು. ‘ಜಿಎಯು’ ಎಂಬ ಮೂರಕ್ಷರದ ಸಂಕೇತ ‘ಜಿಜಿಯು’ ಆಯಿತು. ವೈರಸ್ಸಿನ ಮೈಮೇಲೆ ಮುಳ್ಳಿನಂತೆ ನಿಂತು ನಮ್ಮ ಕೋಶಕ್ಕೆ ಅಂಟಿಕೊಳ್ಳುವ ಸ್ಪೈಕ್ ಪ್ರೋಟೀನಿನಲ್ಲಿ 1,273 ಅಮೈನೊ ಆಮ್ಲಗಳಿವೆ. ಆ ಸಾಲಿನ 614ನೇ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲ ಹೋಗಿ ಗ್ಲೈಸಿನ್ ಬಂದು ಕೂತಿತು. ಡಿ614ಜಿ ಎಂದು ವರದಿಗಳಲ್ಲಿ ಬರೆಯುವುದು ಇದನ್ನೇ. ಪರಿಣಾಮ ಇಷ್ಟೇ: ನಮ್ಮ ಕೋಶದ ಮೇಲ್ಮೈಯ ಎಸಿಇ2 ಗ್ರಾಹಕವನ್ನು (ವೈರಸ್ ಒಳಹೊಗುವ ಬಾಗಿಲಿನಂಥ ಪ್ರೋಟೀನು) ಹಿಡಿಯುವ ಸ್ಪೈಕಿನ ತುದಿ ಹೆಚ್ಚು ಹೊತ್ತು ತೆರೆದ ಭಂಗಿಯಲ್ಲಿ ನಿಲ್ಲತೊಡಗಿತು. 2020ರ ಮಧ್ಯದ ಹೊತ್ತಿಗೆ ಜಗತ್ತಿನ ಬಹುಪಾಲು ಮಾದರಿಗಳಲ್ಲಿ ಈ ಜಿ ಇತ್ತು.

ಒಬ್ಬೊಬ್ಬರ ಮೈಯಲ್ಲೂ ಇಷ್ಟೊಂದು ಬದಲಾವಣೆ ಆಗುವುದಾದರೆ ದಿನಕ್ಕೊಂದು ರೂಪಾಂತರಿ ಏಕೆ ಹುಟ್ಟುವುದಿಲ್ಲ? ಇಲ್ಲಿ ಎರಡು ಸಂಗತಿಗಳಿವೆ. ಒಬ್ಬರಿಂದ ಇನ್ನೊಬ್ಬರಿಗೆ ಸೋಂಕು ದಾಟುವಾಗ ಹೊಸ ಮೈಯಲ್ಲಿ ಬೇರೂರುವುದು ಹೆಚ್ಚಾಗಿ ಒಂದೆರಡು ಕಣಗಳು, ತಪ್ಪಿದರೆ ನಾಲ್ಕಾರು. ನೂರು ಕೋಟಿಯಲ್ಲಿ ಒಂದು! ಒಳ್ಳೆಯ ತಿರುವು ಪಡೆದ ಕಣ ಆ ಒಂದರಲ್ಲಿ ಇರುವ ಸಂಭವ ತೀರಾ ಕಡಿಮೆ. ಎರಡನೆಯದು ಸಮಯ. ಸೋಂಕು ಹೆಚ್ಚು ಹರಡುವುದು ಲಕ್ಷಣ ಕಾಣುವ ಎರಡು ದಿನ ಮೊದಲಿನಿಂದ ಕಂಡ ಮೂರ್ನಾಲ್ಕು ದಿನಗಳವರೆಗೆ. ಮೊದಲ ಸಲ ಸೋಂಕು ತಗಲಿದವರಲ್ಲಿ ಆ ವೈರಸ್ಸಿಗೆಂದೇ ತಯಾರಾಗುವ ಪ್ರತಿಕಾಯಗಳು (ಆಂಟಿಬಾಡಿ) ಏರುವುದು ಅದಾದ ಮೇಲೆ. ಅಂದರೆ ಆರಿಸಬೇಕಾದ ಪ್ರತಿಕಾಯ ಬರುವಷ್ಟರಲ್ಲಿ ದಾಟಬೇಕಾದ ಕಣ ದಾಟಿಯಾಗಿರುತ್ತದೆ. ಈ ಎರಡು ಕಾರಣಗಳಿಂದ ಸಾಮಾನ್ಯ ಸರಪಳಿಯಲ್ಲಿ ಕೊರೊನಾ ವೈರಸ್ಸು ತಿಂಗಳಿಗೆ ಸುಮಾರು ಎರಡು ಅಕ್ಷರದಷ್ಟು ಮಾತ್ರ ಬದಲಾಗುತ್ತ ಹೋಗುತ್ತದೆ. ಈ ನಿಧಾನಗತಿಯಿಂದ ನಮಗೊಂದು ಉಪಯೋಗವಿದೆ. ಒಂದೇ ವಾರದಲ್ಲಿ ಆಸ್ಪತ್ರೆಯ ಒಂದೇ ವಾರ್ಡಿನ ಇಬ್ಬರ ವೈರಸ್‌ಗಳ ನಡುವೆ ಒಂದೆರಡು ಅಕ್ಷರದ ವ್ಯತ್ಯಾಸವಿದ್ದರೆ ಅವು ಒಂದೇ ಸರಪಳಿಯವಿರಬಹುದು. ಹದಿನೈದು ಅಕ್ಷರದ ವ್ಯತ್ಯಾಸವಿದ್ದರೆ ಆಸ್ಪತ್ರೆಯೊಳಗೆ ಒಬ್ಬರಿಂದೊಬ್ಬರಿಗೆ ಬಂತು ಎಂದು ದಾದಿಯರ ಮೇಲೆ ಹರಿಹಾಯುವುದು ವ್ಯರ್ಥ.

ಹಾಗಿದ್ದೂ 2021ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ವರದಿ ಮಾಡಿದ ಒಮಿಕ್ರಾನ್‌ನ ಸ್ಪೈಕ್ ಒಂದರಲ್ಲೇ ಮೂವತ್ತಕ್ಕೂ ಹೆಚ್ಚು ಬದಲಾವಣೆಗಳಿದ್ದವು. ತಿಂಗಳಿಗೆ ಎರಡರ ಲೆಕ್ಕದಲ್ಲಿ, ಅದೂ ಇಡೀ ಎಳೆಗೆ ಎರಡರ ಲೆಕ್ಕದಲ್ಲಿ, ಇದು ಕೂಡಿಬರುವುದಿಲ್ಲ. ಒಮಿಕ್ರಾನ್ ಎಲ್ಲಿ, ಯಾರಲ್ಲಿ ಬೆಳೆಯಿತೆಂದು ಯಾರೂ ಕಂಡವರಿಲ್ಲ. ಆದರೆ ಇಂಥ ನೆಗೆತ ಎಲ್ಲಿ ಸಾಧ್ಯ ಎಂಬುದಕ್ಕೆ ಕಣ್ಣೆದುರಿನ ಪುರಾವೆ ಇದೆ.

2020ರಲ್ಲಿ ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್ ಇದ್ದ, ಎಪ್ಪತ್ತು ದಾಟಿದ ರೋಗಿಯೊಬ್ಬರಿಗೆ ಕೊರೊನಾ ತಗಲಿತು. ಕ್ಯಾನ್ಸರ್ ಚಿಕಿತ್ಸೆಯಿಂದಾಗಿ ಅವರಲ್ಲಿ ಪ್ರತಿಕಾಯ ತಯಾರಿಸುವ ಬಿ ಕೋಶಗಳೇ ಸರಿಯಾಗಿ ಇರಲಿಲ್ಲ. ಸೋಂಕು ನೂರು ದಿನ ದಾಟಿತು. ಮೊದಲ ಎರಡು ತಿಂಗಳು, ವೈರಸ್ ನಿರೋಧಕ ಮದ್ದಾದ ರೆಮ್‌ಡೆಸಿವಿರ್ ಕೊಟ್ಟಾಗಲೂ, ವೈರಸ್ಸಿನ ಒಟ್ಟು ಸ್ವರೂಪ ಹೆಚ್ಚೇನೂ ಬದಲಾಗಲಿಲ್ಲ. ಬಳಿಕ ಚೇತರಿಸಿಕೊಂಡವರ ರಕ್ತದಿಂದ ತೆಗೆದ, ಪ್ರತಿಕಾಯಗಳಿರುವ ಪ್ಲಾಸ್ಮಾ ಕೊಟ್ಟರು. ಕೆಲವೇ ದಿನಗಳಲ್ಲಿ ಸ್ಪೈಕಿನ 69 ಮತ್ತು 70ನೇ ಜಾಗಗಳು ಬಿಟ್ಟುಹೋದ, 796ರಲ್ಲಿ ಬದಲಾವಣೆಯಾದ ತಳಿ ಮೇಲೆದ್ದಿತು. ಪ್ಲಾಸ್ಮಾದ ಪ್ರತಿಕಾಯಗಳು ಇಳಿದಂತೆ ಆ ತಳಿಯೂ ಇಳಿಯಿತು, ಬೇರೆ ತಳಿಗಳು ಮೇಲೆ ಬಂದವು. ಮತ್ತೊಮ್ಮೆ ಪ್ಲಾಸ್ಮಾ ಕೊಟ್ಟಾಗ ಅದೇ ತಳಿ ಮತ್ತೆ ಎದ್ದಿತು. ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ 796ರ ಬದಲಾವಣೆ ಪ್ರತಿಕಾಯದಿಂದ ತಪ್ಪಿಸಿಕೊಳ್ಳಲು ನೆರವಾಗುತ್ತದೆ, ಆದರೆ ಅದು ಸೋಂಕುವ ಬಲವನ್ನು ಕುಗ್ಗಿಸುತ್ತದೆ, 69–70ರ ಬಿಟ್ಟುಹೋಗುವಿಕೆ ಆ ನಷ್ಟವನ್ನು ತುಂಬುತ್ತದೆ ಎಂದು ಗೊತ್ತಾಯಿತು. ಒಂದೇ ಮೈಯೊಳಗೆ ಆಯ್ಕೆಯ ಪೂರ್ತಿ ವ್ಯವಹಾರ! ದಾಟುವ ಇಕ್ಕಟ್ಟಿಲ್ಲ, ಸಮಯದ ಕೊರತೆಯಿಲ್ಲ, ಪ್ರತಿಕಾಯ ಇದೆ ಆದರೆ ಮುಗಿಸುವಷ್ಟಿಲ್ಲ. ಅರೆಬರೆ ಒತ್ತಡದಷ್ಟು ಅಪಾಯಕಾರಿ ಇನ್ನೊಂದಿಲ್ಲ.

ನಮ್ಮ ದೇಶದಲ್ಲಿ ಪ್ಲಾಸ್ಮಾಕ್ಕೆ ಜನ ಮುಗಿಬಿದ್ದ ಕಾಲ ನಿಮಗೆ ನೆನಪಿರಬಹುದು. 464 ರೋಗಿಗಳ ಮೇಲೆ ಐಸಿಎಂಆರ್ ನಡೆಸಿದ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲವೆಂದು 2020ರಲ್ಲೇ ಪ್ರಕಟವಾಗಿತ್ತು. ಚಿಕಿತ್ಸಾ ಪಟ್ಟಿಯಿಂದ ಅದು ಹೊರಬಿದ್ದದ್ದು 2021ರ ಮೇ ತಿಂಗಳಲ್ಲಿ.

ಇಷ್ಟು ತಿಳಿದ ಮೇಲೆ ಎರಡು ನಂಬಿಕೆಗಳನ್ನು ಬಿಡಬೇಕಾಗುತ್ತದೆ. ಒಂದು, ಲಸಿಕೆಯೇ ರೂಪಾಂತರಿಗಳನ್ನು ಹುಟ್ಟಿಸಿತು ಎಂಬುದು. ಆಲ್ಫಾ ಬ್ರಿಟನ್ನಿನಲ್ಲಿ 2020ರ ಸೆಪ್ಟೆಂಬರಿನ ಮಾದರಿಗಳಲ್ಲೇ ಇತ್ತು. ಡೆಲ್ಟಾದ ಕುಲ ಭಾರತದಲ್ಲಿ ಕಂಡದ್ದು 2020ರ ಕೊನೆಯಲ್ಲಿ. ಇಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ಕ್ಕೆ. ಜನರಲ್ಲಿ ಪ್ರತಿರೋಧ ತುಂಬಿದಂತೆ ಅದರಿಂದ ನುಣುಚಿಕೊಳ್ಳುವ ತಳಿಗಳಿಗೆ ಲಾಭವಾಗುತ್ತದೆ ಎಂಬುದು ನಿಜವೇ. ಆದರೆ ಆ ಪ್ರತಿರೋಧ ಲಸಿಕೆಯಿಂದ ಬಂದರೂ ಅಷ್ಟೇ, ರೋಗದಿಂದ ಬಂದರೂ ಅಷ್ಟೇ. ವ್ಯತ್ಯಾಸವೆಂದರೆ ರೋಗದಿಂದ ಪಡೆಯುವ ಪ್ರತಿರೋಧಕ್ಕೆ ತಲಾ ನೂರು ಕೋಟಿ ನಕಲುಗಳ ಬೆಲೆ ತೆರಬೇಕು, ಲಸಿಕೆಗೆ ಅದಿಲ್ಲ.

ಇನ್ನೊಂದು, ‘ದಿನ ಹೋದಂತೆ ವೈರಸ್ಸು ಸೌಮ್ಯವಾಗುತ್ತದೆ’ ಎಂಬ ಸಮಾಧಾನ. ಆಯ್ಕೆ ಲೆಕ್ಕ ಹಾಕುವುದು ಹರಡಿದ್ದನ್ನು ಮಾತ್ರ. ಕೊರೊನಾ ರೋಗಿ ಗಂಭೀರವಾಗುವುದು ಎರಡನೇ ವಾರದಲ್ಲಿ, ಸಾಯುವುದು ಅದಕ್ಕೂ ಆಮೇಲೆ. ಅಷ್ಟರೊಳಗೆ ಹರಡುವ ಕೆಲಸ ಮುಗಿದಿರುತ್ತದೆ. ರೋಗಿ ಬದುಕಿದರೂ ಸತ್ತರೂ ವೈರಸ್ಸಿಗೆ ನಷ್ಟವಿಲ್ಲ. ಡೆಲ್ಟಾ ಆಲ್ಫಾಕ್ಕಿಂತ ಜೋರಾಗಿ ಹರಡಿತು, ಆಲ್ಫಾಕ್ಕಿಂತ ಹೆಚ್ಚು ಜನರನ್ನು ಆಸ್ಪತ್ರೆಗೂ ಸೇರಿಸಿತು. ಅದರ ಸ್ಪೈಕಿನ 681ನೇ ಜಾಗದ ಬದಲಾವಣೆ ಸ್ಪೈಕು ಎರಡು ತುಂಡಾಗಿ ಕೋಶ ಹೊಗಲು ಸಜ್ಜಾಗುವುದನ್ನು ಸುಲಭ ಮಾಡಿತ್ತು. ಒಮಿಕ್ರಾನ್ ಶ್ವಾಸಕೋಶಕ್ಕಿಂತ ಮೇಲಿನ ಶ್ವಾಸನಾಳದಲ್ಲಿ ಚೆನ್ನಾಗಿ ಬೆಳೆಯಿತು, ಜನರಲ್ಲಿ ಪ್ರತಿರೋಧವೂ ಇತ್ತು, ಹಾಗಾಗಿ ಸಾವು ಕಡಿಮೆಯಾಯಿತು. ಅದು ನಮ್ಮ ಅದೃಷ್ಟ. ಆಸ್ಟ್ರೇಲಿಯದಲ್ಲಿ 1950ರಲ್ಲಿ ಮೊಲಗಳ ಕಾಟ ತಾಳಲಾರದೆ ಮಿಕ್ಸೋಮಾ ವೈರಸ್ಸನ್ನು ಬಿಟ್ಟರು. ಮೊದಲು ನೂರರಲ್ಲಿ 99ಕ್ಕೂ ಮಿಕ್ಕಿ ಮೊಲಗಳನ್ನು ಕೊಂದ ಆ ವೈರಸ್ಸು ಕೆಲವೇ ವರ್ಷಗಳಲ್ಲಿ ಇಳಿಯಿತು. ಇಳಿದು ನಿಂತದ್ದು ಮಾತ್ರ ಪ್ರಯೋಗಾಲಯದ ಮೊಲಗಳಲ್ಲಿ ನೂರಕ್ಕೆ ಎಪ್ಪತ್ತರಿಂದ ತೊಂಬತ್ತೈದನ್ನು ಕೊಲ್ಲುವ ಮಟ್ಟದಲ್ಲಿ. ಇದನ್ನು ಸೌಮ್ಯ ಎನ್ನುವುದು ಹೇಗೆ?

ಈಗ ಗಡಿಯ ಲೆಕ್ಕ. ಹೊಸ ರೂಪಾಂತರಿಯ ಪ್ರಕರಣಗಳು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತಿವೆ ಎಂದುಕೊಳ್ಳಿ. ಒಮಿಕ್ರಾನ್ ಆರಂಭದಲ್ಲಿ ಹಲವೆಡೆ ಹಾಗೇ ಹರಡಿತು. ತಲಪಾಡಿಯಿಂದ ಹಿಡಿದು ಒಳದಾರಿಗಳವರೆಗೆ ಎಲ್ಲ ಕಡೆ ಪೊಲೀಸರನ್ನು ನಿಲ್ಲಿಸಿ, ಒಳಬರುವ ಹತ್ತು ಸೋಂಕಿತರಲ್ಲಿ ಒಂಬತ್ತು ಮಂದಿಯನ್ನು ತಡೆದಿರಿ ಎಂದೇ ಇಟ್ಟುಕೊಳ್ಳೋಣ. ಬೀಜ ಹತ್ತರಲ್ಲಿ ಒಂದಾಯಿತು. ಒಂದು ಹತ್ತಾಗಲು ಮೂರೂಕಾಲಕ್ಕಿಂತ ತುಸು ಹೆಚ್ಚು ದುಪ್ಪಟ್ಟು ಸಾಕು. ಅಷ್ಟೆಲ್ಲ ಮಾಡಿ ದಕ್ಕಿದ್ದು ಹತ್ತು ದಿನ. ನೂರರಲ್ಲಿ 99 ಮಂದಿಯನ್ನು ತಡೆದರೆ ಇಪ್ಪತ್ತು ದಿನ. ದಿನವೂ ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ಅತ್ತಿತ್ತ ಓಡಾಡುವ ಈ ನೆಲದಲ್ಲಿ 99 ಎಂಬುದು ಕಾಗದದ ಮಾತು.

72 ಗಂಟೆಯ ವರದಿಯ ಕತೆ ಇನ್ನೂ ವಿಚಿತ್ರ. ಒಮಿಕ್ರಾನ್ ತಗಲಿದವರಲ್ಲಿ ಲಕ್ಷಣ ಕಾಣಲು ಹಿಡಿಯುವ ಕಾಲ ಸುಮಾರು ಮೂರು ದಿನ, ಎಂದರೆ ಅದೇ 72 ಗಂಟೆ. ಸೋಮವಾರ ಬೆಳಿಗ್ಗೆ ಸ್ವಾಬ್ ಕೊಟ್ಟು, ಸಂಜೆ ಸೋಂಕು ಹತ್ತಿಸಿಕೊಂಡವನು ಗುರುವಾರ ಬೆಳಿಗ್ಗೆ ನೆಗೆಟಿವ್ ವರದಿ ಹಿಡಿದು ಗಡಿ ದಾಟುವಾಗ ಹರಡುವ ಹಂತದಲ್ಲೇ ಇರಬಹುದು. ಕಾಗದ ಸುಳ್ಳಲ್ಲ, ಅದು ಹಳತು. ಭಾರತದಲ್ಲಿ ಒಮಿಕ್ರಾನ್ ಮೊದಲು ಪ್ರಕಟವಾದದ್ದು 2021ರ ಡಿಸೆಂಬರ್ 2ರಂದು, ಬೆಂಗಳೂರಿನಲ್ಲಿ, ಇಬ್ಬರಲ್ಲಿ. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದವರು. ಇನ್ನೊಬ್ಬರು ಬೆಂಗಳೂರಿನದೇ ವೈದ್ಯರು, ವಿದೇಶಕ್ಕೆ ಹೋದವರೇ ಅಲ್ಲ. ಗೊತ್ತಾಗುವ ಹೊತ್ತಿಗೆ ತಳಿ ಒಳಗಿತ್ತು.

ಹತ್ತು ದಿನ ಬೇಡವೇ ಎಂದು ನೀವು ಕೇಳಬಹುದು. ಬೇಕು, ಆ ಹತ್ತು ದಿನಗಳಲ್ಲಿ ಹಾಸಿಗೆ, ಆಮ್ಲಜನಕ, ಹಿರಿಯರ ಲಸಿಕೆ ಇವುಗಳಿಗೆ ವ್ಯವಸ್ಥೆ ಆಗುವುದಾದರೆ. ಗಡಿಯಲ್ಲಿ ನಿಂತವರು ಅದೇ ಆರೋಗ್ಯ ಸಿಬ್ಬಂದಿಯಾದರೆ ಆ ಕೆಲಸ ಮಾಡುವವರು ಯಾರು?

ಕೇರಳದ ಬಗ್ಗೆ ಒಂದು ಮಾತು. 2023ರ ಡಿಸೆಂಬರಿನಲ್ಲಿ ಜೆಎನ್.1 ತಳಿ ದೇಶದಲ್ಲಿ ಮೊದಲು ಕಂಡದ್ದು ಕೇರಳದ ಮಾದರಿಯಲ್ಲಿ. ‘ಕೇರಳದಿಂದ ಬಂತು’ ಎಂದು ಸುದ್ದಿಯಾಯಿತು. ಆ ತಳಿ ಅದಾಗಲೇ ಹಲವು ದೇಶಗಳಲ್ಲಿತ್ತು. ಹುಡುಕಿದಲ್ಲಿ ಸಿಕ್ಕಿತು, ಅಷ್ಟೇ. ಹುಡುಕಿದವರ ತಲೆಗೆ ತಪ್ಪು ಕಟ್ಟಿದರೆ ಮುಂದಿನ ಸಲ ಯಾವ ಜಿಲ್ಲೆಯೂ ಹುಡುಕಲು ಹೋಗುವುದಿಲ್ಲ.

ಹುಡುಕುವುದು ಹೇಗೆ ಎಂಬುದರಲ್ಲೇ ನಮ್ಮ ಮುಖ್ಯ ಬೇಡಿಕೆ ಇದೆ. ವಿದೇಶದಿಂದ ಬಂದವರ ಅಥವಾ ಗಂಭೀರವಾಗಿ ಮಲಗಿದವರ ಮಾದರಿಗಳನ್ನಷ್ಟೇ ಜೀನೋಮ್ ಸೀಕ್ವೆನ್ಸಿಂಗಿಗೆ (ವೈರಸ್ಸಿನ ಎಳೆಯ ಅಕ್ಷರಗಳನ್ನು ಸಾಲಾಗಿ ಓದುವ ಪರೀಕ್ಷೆಗೆ) ಕಳಿಸುವುದುಂಟು. ಇದರಿಂದ ಊರಲ್ಲಿ ಏನು ಹರಡುತ್ತಿದೆ ಎಂಬುದು ತಿಳಿಯುವುದಿಲ್ಲ. ವಾರದ ಎಲ್ಲ ಪಾಸಿಟಿವ್‌ಗಳಿಂದ ಚೀಟಿ ಎತ್ತಿದಂತೆ ಮಾದರಿಗಳನ್ನು ಆರಿಸಬೇಕು. ಎಷ್ಟು? ನೂರರಲ್ಲಿ ಐದರಷ್ಟಿರುವ ತಳಿಯೊಂದು ಕಣ್ಣಿಗೆ ಬೀಳುವ ಸಂಭವ ನೂರಕ್ಕೆ 95 ಆಗಬೇಕಾದರೆ 59 ಮಾದರಿ ಬೇಕು. ನೂರರಲ್ಲಿ ಒಂದೇ ಇರುವಾಗ ಹಿಡಿಯಬೇಕಾದರೆ ಸುಮಾರು 300. ಇಪ್ಪತ್ತೇ ಕಳಿಸಿದರೆ ಐದು ಶೇಕಡಾದ ತಳಿಯೂ ಮೂರರಲ್ಲಿ ಒಂದು ಸಲ ತಪ್ಪಿಹೋಗುತ್ತದೆ. ಜಿಲ್ಲೆಗೆ ವಾರಕ್ಕೆ 60 ಎಂಬುದು ನಡೆಸಬಹುದಾದ ಅಂಕಿ. ಪಾಸಿಟಿವ್ ಅದಕ್ಕಿಂತ ಕಡಿಮೆಯಿದ್ದ ವಾರ ಇದ್ದಷ್ಟನ್ನೂ ಕಳಿಸಿ.

ಕಳಿಸುವ ಮಾದರಿಯ ಸಿಟಿ ಮೌಲ್ಯ 25ರೊಳಗಿರಲಿ. (ಇದು ಸಿಟಿ ಸ್ಕ್ಯಾನ್ ಅಲ್ಲ, ಪಿಸಿಆರ್ ಯಂತ್ರ ಎಷ್ಟನೇ ಸುತ್ತಿಗೆ ವೈರಸ್ಸನ್ನು ಕಂಡಿತು ಎಂಬ ಸಂಖ್ಯೆ. ಸುಮಾರು ಮೂರೂಕಾಲು ಸುತ್ತು ಹೆಚ್ಚಾದರೆ ವೈರಸ್ಸು ಹತ್ತರಲ್ಲಿ ಒಂದು ಪಾಲು ಎಂದು ಅರ್ಥ.) 30 ದಾಟಿದ ಮಾದರಿ ಕಳಿಸಿದರೆ ಎಳೆ ಅಲ್ಲಲ್ಲಿ ತುಂಡಾಗಿ ಓದಿಸಿಕೊಳ್ಳುತ್ತದೆ, ತಳಿಯ ಹೆಸರು ಹೇಳಲಾಗುವುದಿಲ್ಲ. ಸ್ವಾಬಿನ ತುದಿ ನೈಲಾನ್ ಅಥವಾ ಪಾಲಿಯೆಸ್ಟರ್ ಇರಬೇಕು. ಮರದ ಕಡ್ಡಿಗೆ ಹತ್ತಿ ಸುತ್ತಿದ್ದು ಪಿಸಿಆರ್‌ಗೆ ಅಡ್ಡಿ ಮಾಡುತ್ತದೆ. ಸ್ವಾಬನ್ನು ದ್ರವದಲ್ಲಿ ಮುಳುಗಿಸಿಡುವ ವಿಟಿಎಂ ಟ್ಯೂಬನ್ನು 2ರಿಂದ 8 ಡಿಗ್ರಿಯಲ್ಲಿಟ್ಟರೆ 72 ಗಂಟೆ ಬಾಳುತ್ತದೆ, ಅದಕ್ಕೂ ಮೇಲೆ ಇಡಬೇಕಾದರೆ ಮೈನಸ್ 70. ಮನೆಯ ಫ್ರಿಜ್ಜಿನ ಫ್ರೀಜರಿನಲ್ಲಿ ಇಡಲೇಬಾರದು. ಅದು ತಾನಾಗಿ ಕರಗಿ ಮತ್ತೆ ಹೆಪ್ಪುಗಟ್ಟುತ್ತದೆ, ಪ್ರತಿ ಸಲವೂ ಆರ್‌ಎನ್‌ಎ ಮುರಿಯುತ್ತದೆ. ಶುಕ್ರವಾರ ಸಂಜೆ ತೆಗೆದದ್ದು ಸೋಮವಾರದವರೆಗೆ ಕೂರುತ್ತದೆ, ಕರೆಂಟು ಹೋದರೆ ಕೇಳುವುದೇ ಬೇಡ. ಹಾಗಾಗಿ ಸೀಕ್ವೆನ್ಸಿಂಗಿನ ಮಾದರಿಯನ್ನು ಸೋಮವಾರದಿಂದ ಬುಧವಾರದೊಳಗೆ ತೆಗೆಯುವುದು ಒಳ್ಳೆಯದು. ಲೇಬಲನ್ನು ಪೆನ್ನಿನಲ್ಲಿ ಬರೆದರೆ ಐಸಿನ ನೀರಿಗೆ ಅಳಿಸುತ್ತದೆ, ಅಳಿಸದ ಮಾರ್ಕರ್ ಬಳಸಿ. ಟ್ಯೂಬಿನ ಮೇಲೆ ಒಂದು ಸಂಖ್ಯೆ, ನಮೂನೆಯಲ್ಲಿ ಇನ್ನೊಂದು ಎಂಬ ಎಡವಟ್ಟು ಆದರೆ ಉಳಿದೆಲ್ಲ ಶ್ರಮ ನೀರಲ್ಲಿ ಹೋಮ.

ಸೀಕ್ವೆನ್ಸಿಂಗಿಗೆ ದಿನಗಟ್ಟಲೆ ಕಾಯಬೇಕು. ಅಷ್ಟರೊಳಗೆ ಒಂದು ಸುಳಿವು ಪಿಸಿಆರಿನಲ್ಲೇ ಸಿಗಬಹುದು. ಮೂರು ಜೀನುಗಳನ್ನು ಹುಡುಕುವ ಕೆಲವು ಕಿಟ್‌ಗಳಲ್ಲಿ ಸ್ಪೈಕಿನ ಎಸ್ ಜೀನು ಮಾತ್ರ ಕಾಣದೆ ಉಳಿದೆರಡು ಚೆನ್ನಾಗಿ ಕಂಡರೆ 69–70 ಬಿಟ್ಟುಹೋದ ತಳಿ ಇರಬಹುದು. ಆಲ್ಫಾ ಮತ್ತು ಒಮಿಕ್ರಾನ್ ಬಿಎ.1 ಹೀಗೇ ಬೇಗ ಗೊತ್ತಾದವು. ಆದರೆ ಒಮಿಕ್ರಾನಿನ ಇನ್ನೊಂದು ಕವಲಾದ ಬಿಎ.2ರಲ್ಲಿ ಆ ಜಾಗ ಹಾಗೇ ಇತ್ತು, ಸುಳಿವು ಸಿಗಲಿಲ್ಲ. ಇದನ್ನೇ ನಂಬಿ ಕೂರಬೇಡಿ.

ವಿಳಾಸದ ತೊಡಕು ನಮ್ಮ ಗಡಿಗೇ ಮೀಸಲಾದದ್ದು. ಮಂಜೇಶ್ವರದ ರೋಗಿಯ ಪರೀಕ್ಷೆ ಮಂಗಳೂರಿನಲ್ಲಾದರೆ ಅದು ಕರ್ನಾಟಕದ ಲೆಕ್ಕಕ್ಕೆ ಹೋಗುತ್ತದೆ, ಕಾಸರಗೋಡಿನ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟುವುದು ತಡವಾಗಿ, ಕೆಲವೊಮ್ಮೆ ಮುಟ್ಟುವುದೇ ಇಲ್ಲ. ಎರಡು ರಾಜ್ಯಗಳ ತಂತ್ರಾಂಶ ಜೋಡಿಸಲು ಕಾಯಬೇಕಾಗಿಲ್ಲ. ಪರೀಕ್ಷೆಯ ನಮೂನೆಯಲ್ಲಿ ಮನೆಯ ಪಿನ್ ಕೋಡ್ ಕಡ್ಡಾಯ ಮಾಡಿ. 671ರಿಂದ ಶುರುವಾಗುವವನ್ನು ಪ್ರತಿ ಸೋಮವಾರ ಕಾಸರಗೋಡಿಗೂ, 574 ಮತ್ತು 575ರವನ್ನು ಅಲ್ಲಿಂದ ಮಂಗಳೂರಿಗೂ ಕಳಿಸಿಕೊಡಿ. ಹೆಸರು ಬೇಡ, ಪಿನ್, ಮಾದರಿಯ ದಿನಾಂಕ, ಲಕ್ಷಣ ಶುರುವಾದ ದಿನಾಂಕ, ವಯಸ್ಸು, ಲಸಿಕೆ, ತಳಿ, ಇಷ್ಟು ಸಾಕು.

ಸೋಂಕಿತರ ಮಲದಲ್ಲಿ ಹೊರಬೀಳುವ ವೈರಸ್ಸನ್ನು ಹುಡುಕುವ ಚರಂಡಿ ನೀರಿನ ಪರೀಕ್ಷೆ ಬೆಂಗಳೂರಿನಂಥ ಊರಿಗೆ ಹೇಳಿಮಾಡಿಸಿದ್ದು. ನಮ್ಮ ಗಡಿಭಾಗದಲ್ಲಿ ಹೆಚ್ಚಿನ ಮನೆಗಳಿಗೆ ಹೊಂಡ, ಸೆಪ್ಟಿಕ್ ಟ್ಯಾಂಕ್. ಹರಿದು ಒಂದೆಡೆ ಸೇರುವ ನೀರು ಕಡಿಮೆ. ಆದರೆ ದೊಡ್ಡ ಆಸ್ಪತ್ರೆಗಳ, ಹಾಸ್ಟೆಲುಗಳ ಸಂಸ್ಕರಣಾ ಘಟಕಗಳಿವೆ. ಒಳಬರುವ ನೀರನ್ನು, ಕ್ಲೋರಿನ್ ಹಾಕುವ ಮೊದಲು, ವಾರಕ್ಕೊಮ್ಮೆ ಅದೇ ದಿನ ಗಂಟೆಗೊಂದಿಷ್ಟರಂತೆ ಕೂಡಿಸಿ ಅರ್ಧ ಲೀಟರಿನಿಂದ ಒಂದು ಲೀಟರು ತೆಗೆದರೆ ಸಾಕು. ಮಳೆಗಾಲದಲ್ಲಿ ನೀರು ಸೇರಿ ತೆಳುವಾಗುವುದರಿಂದ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಅಂಕಿಗಳನ್ನು ಬೇಸಿಗೆಯವಕ್ಕೆ ಹೋಲಿಸಬಾರದು.

ಎಲ್ಲಕ್ಕಿಂತ ತುರ್ತಿನದು ದೀರ್ಘ ಸೋಂಕಿನವರ ಪಟ್ಟಿ. ಕೀಮೋ ಪಡೆಯುತ್ತಿರುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ಹೆಚ್ಚು ಕಾಲ ಸ್ಟೀರಾಯ್ಡ್ ತಿನ್ನುವವರು, ಮದ್ದು ಬಿಟ್ಟ ಎಚ್‌ಐವಿ ಸೋಂಕಿತರು. ಡಯಾಲಿಸಿಸಿಗೆ ಬರುವವರ ಮೇಲೂ ಕಣ್ಣಿರಲಿ, ಒಂದೇ ಕೋಣೆಯಲ್ಲಿ ವಾರಕ್ಕೆ ಎರಡು ಮೂರು ಸಲ ಗಂಟೆಗಟ್ಟಲೆ ಕೂರುವವರು ಅವರು. ಇವರಲ್ಲಿ ಯಾರಾದರೂ ಮೂರು ವಾರವಾದರೂ ಪಾಸಿಟಿವ್ ಇದ್ದು ಸಿಟಿ ಮೌಲ್ಯ 30ರೊಳಗಿದ್ದರೆ ಎರಡು ವಾರಕ್ಕೊಮ್ಮೆ ಮರುಮಾದರಿ ತೆಗೆಯಬೇಕು, ಹಳೆಯದರೊಂದಿಗೆ ಹೋಲಿಸಬೇಕು. ‘14 ದಿನ ಆಯಿತು, ಇನ್ನು ಹರಡುವುದಿಲ್ಲ’ ಎಂಬ ನಿಯಮ ಇವರಿಗೆ ಅನ್ವಯಿಸದು. ಸಾಮಾನ್ಯ ವಾರ್ಡಿಗೆ ಹಾಕಬಾರದು. ವೈರಸ್ ನಿರೋಧಕ ಮದ್ದು ಶುರು ಮಾಡಿದರೆ ವೈದ್ಯರು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಮಾಲ್ನುಪಿರಾವಿರ್‌ನ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅದು ಕೆಲಸ ಮಾಡುವುದೇ ನಕಲಿನಲ್ಲಿ ತಪ್ಪುಗಳನ್ನು ಹೆಚ್ಚಿಸಿ. ಆ ಮದ್ದಿನ ಗುರುತಿರುವ ತಪ್ಪುಗಳನ್ನು ಹೊತ್ತು ಬದುಕುಳಿದ ವೈರಸ್‌ಗಳು ಇನ್ನೊಬ್ಬರಿಗೆ ದಾಟಿದ್ದೂ ದಾಖಲಾಗಿದೆ. ಈ ಪಟ್ಟಿ ರೋಗಿಗಳನ್ನು ದೂರವಿಡಲು ಅಲ್ಲ ಎಂಬುದನ್ನು ಆಶಾ ಕಾರ್ಯಕರ್ತೆಯರಿಗೆ, ವಾರ್ಡು ಸದಸ್ಯರಿಗೆ ಮೊದಲೇ ಬಿಡಿಸಿ ಹೇಳಬೇಕು. ಹೆಸರು ಕುಟುಂಬ ಆರೋಗ್ಯ ಕೇಂದ್ರದ ವೈದ್ಯರ ಕೈಯಿಂದ ಹೊರಹೋಗಕೂಡದು. ಹೋದರೆ ಮುಂದಿನವರು ಪರೀಕ್ಷೆಗೇ ಬರುವುದಿಲ್ಲ. ಈ ಮನೆಗಳವರಿಗೆ ಮೊದಲು ಬೂಸ್ಟರ್, ಮೊದಲು ಎನ್95 ಮಾಸ್ಕ್ ಸಿಗಲಿ.

ಉಳಿದದ್ದು ಒಟ್ಟು ಸೋಂಕಿನ ಸಂಖ್ಯೆ ಇಳಿಸುವುದು, ಅದರ ದಾರಿ ಎಲ್ಲರಿಗೂ ಗೊತ್ತು. ಒಂದನ್ನು ಮಾತ್ರ ಹೇಳುತ್ತೇವೆ. ಎಸಿ ಹಾಕಿ ಕಿಟಕಿ ಮುಚ್ಚಿದ ಮದುವೆ ಹಾಲುಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಮೀಟರ್ ಒಂದನ್ನು ತೂಗುಹಾಕಿಸಿ. ಬಯಲಲ್ಲಿ 420ರ ಸುತ್ತ ಇರುವ ಅಂಕಿ ಒಳಗೆ 800 ದಾಟಿದರೆ ಜನ ಒಬ್ಬರ ಉಸಿರನ್ನು ಇನ್ನೊಬ್ಬರು ಎಳೆಯುತ್ತಿದ್ದಾರೆ ಎಂದೇ ಅರ್ಥ, ಕಿಟಕಿ ತೆರೆಸಬೇಕು. ಬಯಲಾಟ, ಕಳಿಯಾಟ, ಜಾತ್ರೆಗಳನ್ನು ನಿಲ್ಲಿಸುವ ಮೊದಲು ಈ ಹಾಲುಗಳತ್ತ ನೋಡಿ. ಕಳೆದ ಸಲ ಬಯಲಿನವರಿಗೇ ಮೊದಲ ನೋಟಿಸು ಬಂದಿತ್ತು.

ಕೊನೆಯದಾಗಿ ಭಾಷೆ. ಕಾಸರಗೋಡಿನ ಉತ್ತರದ ಪಂಚಾಯತುಗಳಲ್ಲಿ ಮಲಯಾಳ ಓದಲು ಬಾರದ ಹಿರಿಯರು ಬಹಳ ಮಂದಿ ಇದ್ದಾರೆ. ಆರೋಗ್ಯ ಪ್ರಕಟಣೆ ಕನ್ನಡದಲ್ಲಿ ಎರಡು ವಾರ ತಡವಾಗಿ ಬಂದರೆ ಮೂರು ದಿನಕ್ಕೆ ದುಪ್ಪಟ್ಟಾಗುವ ತಳಿ ಅಷ್ಟರಲ್ಲಿ ಇಪ್ಪತ್ತೈದು ಪಟ್ಟಾಗಿರುತ್ತದೆ. ಅದೇ ದಿನ, ಅದೇ ಹಾಳೆಯ ಇನ್ನೊಂದು ಮಗ್ಗುಲಲ್ಲಿ ಕನ್ನಡ ಬರಲಿ. ಅನುವಾದಕ್ಕೆ ಜನ ಸಿಗುವುದಿಲ್ಲವೆಂದಾದರೆ ಕೆಳಗೆ ಸಹಿ ಮಾಡಿದವರಲ್ಲಿ ಯಾರಿಗಾದರೂ ಕಳಿಸಿ, ಸಂಬಳವಿಲ್ಲದೆ ಅಂದೇ ಮಾಡಿಕೊಡುತ್ತೇವೆ. ವಾರದ 60 ಮಾದರಿಗಳ ಫಲಿತಾಂಶವನ್ನೂ ಅದೇ ಹಾಳೆಯಲ್ಲಿ ಹಾಕಿ: ಎಷ್ಟು ಕಳಿಸಿದೆವು, ಎಷ್ಟು ಓದಲಾಯಿತು, ಯಾವ ತಳಿ ಎಷ್ಟು, ಹಿಂದಿನ ವಾರ ಎಷ್ಟಿತ್ತು.

ಇತಿ ನಿಮ್ಮ ವಿಶ್ವಾಸಿಗಳು,
ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗಡಿಭಾಗದ ಜೀವವಿಜ್ಞಾನ ಅಧ್ಯಾಪಕರು ಹಾಗೂ ಪ್ರಯೋಗಾಲಯ ತಂತ್ರಜ್ಞರು